ದೈವಕ್ಕೊಂದು ಪುಸ್

ತಂಪು ಪೆಟ್ಟಿಗೆ ರಿಪೇರಿ ಆಯಿತು ಎಂಬುದಕ್ಕೆ ಇನ್ನಂಜೆಯ ನಮ್ಮ ಮನೆಯಲ್ಲಿ ಒಂದೇ ಗುರುತು. ಪುಸ್ ಎಂದು ಒಂದು ಶಬ್ದ ಬರಬೇಕು. ಆ ಶಬ್ದ ಬಂದ ಕೂಡಲೇ ನಮ್ಮಜ್ಜಿ ಡುಲ್ಸಿನ್ ಬಾಯಿ ಮುಖ ಆಚೆ ತಿರುಗಿಸಿ ಶಿಲುಬೆಯ ಗುರುತು ಮಾಡುತ್ತಿದ್ದಳು. ಪುಸ್ ಅನ್ನಿಸುತ್ತಿದ್ದವನು ಹೊಳೆಪ್ಪಣ್ಣ.

ಅಜ್ಜಿಯದ್ದು ಮಲ್ಲಿಗೆಯ ಕೆಲಸ. ಸುತ್ತಲಿನ ಮೂವತ್ತು ಮನೆಗಳವರು ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ತಂದುಕೊಟ್ಟ ಹೂವನ್ನು ಅವಳು ಒಟ್ಟು ಮಾಡಿ ಹೂ ಮಾರುವ ಕಟ್ಟೆಗೆ ಕಳಿಸುತ್ತಾಳೆ. ತಡವಾಗಿ ಬಂದ ಹೂ ಮರುದಿನದವರೆಗೆ ಬಾಡದೆ ಇರಬೇಕು, ಅದಕ್ಕೆ ತಂಪು ಪೆಟ್ಟಿಗೆ. ಪೆಟ್ಟಿಗೆ ಕೆಟ್ಟರೆ ಹೊಳೆಪ್ಪಣ್ಣ. ನನಗೆ ಏಳು ವರ್ಷ ಇದ್ದಾಗಿನಿಂದ ಇದು ಹೀಗೇ. ಬೇರೆ ಮಕ್ಕಳಿಗೆ ಕ್ರಿಕೆಟಿನವರು ಹೀರೋಗಳು, ನನಗೆ ಈತ. ಕಾರಣ ದೊಡ್ಡದೇನಲ್ಲ. ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ತಾಮ್ರದ ಪೈಪಿನ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, ಆಮೇಲೆ ನಿಧಾನಕ್ಕೆ, "ಬಾಯಮ್ಮ, ಗ್ಯಾಸು ಅರ್ಧಕ್ಕಿಂತ ಕಮ್ಮಿ ಉಂಟು" ಎನ್ನುತ್ತಿದ್ದ. ಮೀಟರ್ ಹಾಕಿ ನೋಡಿದರೆ ಅರ್ಧಕ್ಕಿಂತ ಕಮ್ಮಿಯೇ ಇರುತ್ತಿತ್ತು. ಇದಕ್ಕಿಂತ ಹೆಚ್ಚು ಏನು ಬೇಕು ಹೇಳಿ.

ಈಗ ಆ ಪುಸ್‌ನ ವಿಷಯ. ಸಿಲಿಂಡರಿನಿಂದ ಪೆಟ್ಟಿಗೆಗೆ ಗ್ಯಾಸು ಹೋಗುವುದು ಒಂದು ರಬ್ಬರಿನ ಪೈಪಿನಲ್ಲಿ. ಆ ಪೈಪು ಜೋಡಿಸಿದ ಮೇಲೆ, ಗ್ಯಾಸು ತುಂಬುವ ಮೊದಲು, ಹೊಳೆಪ್ಪಣ್ಣ ಬಲಗೈಯ ಎರಡು ಬೆರಳಲ್ಲಿ ನಟ್ಟನ್ನು ಚೂರೇ ಚೂರು ಸಡಿಲ ಮಾಡಿ, ಸ್ವಲ್ಪ ಗ್ಯಾಸನ್ನು ಗಾಳಿಗೆ ಬಿಟ್ಟು, ಮತ್ತೆ ಬಿಗಿ ಮಾಡುತ್ತಿದ್ದ. "ಇದೆಂತ ಮಾಡುವುದು?" ಎಂದು ಮೊದಲ ಸಲ ಅಜ್ಜಿ ಕೇಳಿದಾಗ ಅವನು, "ದೈವದ ಪಾಲು ಬಾಯಮ್ಮ. ಮೊದಲಿನದ್ದು ದೈವಕ್ಕೆ" ಎಂದಿದ್ದನಂತೆ.

"ನಿನ್ನ ದೈವಕ್ಕೆ ನೀನು ಕೊಡು," ಎಂದಳಂತೆ ಅಜ್ಜಿ. "ನನ್ನ ಪೆಟ್ಟಿಗೆಗೆ ನನ್ನ ದೇವರು ಉಂಟು." ಶಿಲುಬೆಯ ಗುರುತು ಶುರುವಾದದ್ದು ಅಂದಿನಿಂದ.

ಹೊಳೆಪ್ಪಣ್ಣ ಈ ಕಡೆಯವನಲ್ಲ. ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆಯ ದಡದ ಒಂದು ಹಳ್ಳಿಯವನು. ಇಪ್ಪತ್ತೊಂದನೇ ವಯಸ್ಸಿಗೆ ಗಾರೆ ಕೆಲಸದ ಗ್ಯಾಂಗಿನ ಜೊತೆ ಮಣಿಪಾಲಕ್ಕೆ ಬಂದ. ಆರು ಮಾಳಿಗೆಯ ಒಂದು ಹಾಸ್ಟೆಲ್ ಏಳುತ್ತಿತ್ತು. ಸಿಮೆಂಟು ಹೊರುವುದು, ಜಲ್ಲಿ ಹೊರುವುದು. ಕಟ್ಟಡ ಮುಗಿಯುವ ಹೊತ್ತಿಗೆ ಎಸಿ ಕೂರಿಸುವವರು ಬಂದರು, ಆದರೆ ಲಿಫ್ಟ್ ಇನ್ನೂ ಆಗಿರಲಿಲ್ಲ. ಹೊರಗಡೆ ಇಡುವ ಆ ಭಾರದ ಡಬ್ಬಿಗಳನ್ನು ಇಬ್ಬಿಬ್ಬರು ಹಿಡಿದು, ಮಾಳಿಗೆಗೊಮ್ಮೆ ಇಳಿಸಿ, ದಮ್ಮು ಕಟ್ಟಿ ಹತ್ತುತ್ತಿದ್ದರು. ಹೊಳೆಪ್ಪಣ್ಣ ಒಂದನ್ನು ಹೆಗಲಿಗೆ ಏರಿಸಿ, ಎಲ್ಲಿಯೂ ಇಳಿಸದೆ, ಆರನೇ ಮಾಳಿಗೆಗೆ ಒಯ್ದು, ನೆಲಕ್ಕೆ ಸದ್ದಾಗದಂತೆ ಇಟ್ಟ. ಅದನ್ನು ನೋಡುತ್ತಾ ನಿಂತಿದ್ದವರು ಎಸಿ ಕೆಲಸದ ಕಂತ್ರಾಟುದಾರ ಬೆಳ್ಮಣ್ಣಿನ ಕರುಣಾಕರಣ್ಣ. ಮುಂಬಯಿಯಲ್ಲಿ ಕೆಲಸ ಕಲಿತು, ಬಹರೈನಿನಲ್ಲಿ ಹನ್ನೊಂದು ವರ್ಷ ದುಡಿದು, ಆದಿ ಉಡುಪಿಯಲ್ಲಿ ಅಂಗಡಿ ಇಟ್ಟಿದ್ದರು.

"ಹೊತ್ತದ್ದು ದೊಡ್ಡದಲ್ಲ," ಎಂದು ಕರುಣಾಕರಣ್ಣ ಈಗಲೂ ಹೇಳುತ್ತಾರೆ. "ಹೊರುವವರು ಸಾವಿರ ಜನ ಉಂಟು. ಇವ ಇಟ್ಟದ್ದು ನೋಡಿ ಕರೆದೆ ನಾನು. ತೊಟ್ಟಿಲಲ್ಲಿ ಮಗು ಇಟ್ಟ ಹಾಗೆ ಇಟ್ಟ ಮಾರಾಯ."

ಹಾಗೆ ಗಾರೆಯವನು ಗ್ಯಾಸಿನವನಾದ. ಎರಡು ವರ್ಷದ ಮೇಲೆ ಊರಿಗೆ ಹೋಗಿ ರಾಚವ್ವನನ್ನು ಮದುವೆಯಾಗಿ ಕರೆತಂದ. ಹತ್ತು ವರ್ಷದ ಹಿಂದೆ ಕರುಣಾಕರಣ್ಣನ ಮಂಡಿ ಸೋತಾಗ ಅಂಗಡಿ ಇವನ ಕೈಗೆ ಬಂತು. ಬೋರ್ಡು ಮಾತ್ರ ಈಗಲೂ ಕರುಣಾಕರಣ್ಣನ ಹೆಸರಿನದ್ದೇ. ಬದಲಾಯಿಸು ಎಂದು ಅವರೇ ಹೇಳಿದರೂ ಇವನು ಪ್ರತಿ ವರ್ಷ ಅದೇ ಅಕ್ಷರಗಳಿಗೆ ಹೊಸ ಬಣ್ಣ ಕೊಡಿಸುತ್ತಾನೆ. ಅಂಗಡಿಯ ಅರ್ಧ ಬದುಕು ಮಣಿಪಾಲದ ಹಾಸ್ಟೆಲುಗಳದ್ದು. ತಾನೇ ಸಿಮೆಂಟು ಹೊತ್ತ ಕಟ್ಟಡವೂ ಸೇರಿ ಮೂರು ಹಾಸ್ಟೆಲು, ನೂರಾ ನಲ್ವತ್ತು ಎಸಿ. ವರ್ಷಕ್ಕೆ ಎರಡು ಸಲ ಸರ್ವಿಸು.

ಕಳೆದ ನವೆಂಬರಿನಲ್ಲಿ ಆ ಹಾಸ್ಟೆಲುಗಳ ಉಸ್ತುವಾರಿ ನೋಡುವ ಕಂಪನಿಯಿಂದ ಒಂದು ಕಾಗದ ಬಂತು. ಜನವರಿ ಒಂದರಿಂದ ಸರ್ಟಿಫಿಕೇಟು ಇಲ್ಲದವರು ಮೆಷಿನ್ ಮುಟ್ಟುವಂತಿಲ್ಲ. ಸರ್ಕಾರದ ತರಬೇತಿ ಉಂಟು, ಫೀಸಿಲ್ಲ, ಮಣಿಪಾಲದಲ್ಲೇ ಎರಡು ದಿನ ಪಾಠ, ಮೂರನೇ ದಿನ ಪರೀಕ್ಷೆ. ಪಾಸಾದವರಿಗೆ ಕೆಲಸ.

ಹೊಳೆಪ್ಪಣ್ಣ ಕಾಗದವನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡ. ಅವನಿಗೆ ಗಾಬರಿಯೇನೂ ಆಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಮಾಡಿದ ಕೆಲಸವನ್ನು ಒಂದು ದಿನ ಯಾರದೋ ಎದುರು ಮಾಡಿ ತೋರಿಸುವುದು, ಅಷ್ಟೇ ತಾನೆ.

ತರಗತಿಯಲ್ಲಿ ಇಪ್ಪತ್ತನಾಲ್ಕು ಜನ. ಕಲಿಸುವವರು ಜಿತೇಶ್ ಸರ್, ಕಾಪುವಿನವರು, ಇಪ್ಪತ್ತೆಂಟು ವರ್ಷ ಇರಬಹುದು. ಹೊಳೆಪ್ಪಣ್ಣನ ಪಕ್ಕದ ಬೆಂಚಿನಲ್ಲಿ ಮೆಕ್ಯಾನಿಕ್ ರೋಶನ್, ಅವನೂ ಕಾಪುವಿನವನೇ. ಜಿತೇಶ್ ಸರ್ ಪಾಠವನ್ನು ಪುಸ್ತಕದ ಹಾಗೆ ಮಾಡಲಿಲ್ಲ. ಮೇಲೆ ಓಝೋನ್ ಎಂಬ ಒಂದು ಪದರ ಉಂಟು, ಬಿಸಿಲಿನ ಕೆಟ್ಟ ಕಿರಣವನ್ನು ತಡೆಯುವುದು ಅದು, ನಮ್ಮ ಹಳೆಯ ಇಪ್ಪತ್ತೆರಡು ನಂಬರಿನ ಗ್ಯಾಸು ಅದನ್ನು ತಿನ್ನುತ್ತದೆ ಎಂದರು. ಹಾಗಾಗಿ ಎರಡು ಸಾವಿರದ ಇಪ್ಪತ್ತೈದರಿಂದ ಹೊಸ ಮೆಷಿನ್ ತಯಾರಿಸುವಾಗ ಆ ಗ್ಯಾಸು ಬಳಸುವಂತಿಲ್ಲ. ಮೂವತ್ತರ ನಂತರ ಹಳೆ ಮೆಷಿನ್ನಿನ ರಿಪೇರಿಗೆ ಮಾತ್ರ ಸ್ವಲ್ಪ ಸಿಗುತ್ತದೆ, ಅದೂ ಕೆಲವು ವರ್ಷ. ಅದರ ಜಾಗಕ್ಕೆ ಬಂದ ಗ್ಯಾಸುಗಳು ಓಝೋನಿನ ತಂಟೆಗೆ ಹೋಗುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಅವುಗಳನ್ನೂ ಮೂವತ್ತೆರಡರಿಂದ ಹಂತ ಹಂತವಾಗಿ ಇಳಿಸುವುದು ಎಂದು ನಮ್ಮ ದೇಶ ಒಪ್ಪಿಕೊಂಡಿದೆ. ಈಗ ಸಣ್ಣ ಪೆಟ್ಟಿಗೆಗಳಿಗೆ ಬರುತ್ತಿರುವುದು ಅಡುಗೆ ಗ್ಯಾಸಿನ ಜಾತಿಯದ್ದು. ಭೂಮಿಗೆ ಒಳ್ಳೆಯದು, ಬೆಂಕಿಯ ಹತ್ತಿರ ಮಾತ್ರ ಕೆಟ್ಟದ್ದು.

"ಯಾವ ಗ್ಯಾಸೇ ಆಗಲಿ, ಗಾಳಿಗೆ ಬಿಡ್ಲಿಕ್ಕಿಲ್ಲ," ಎಂದರು ಜಿತೇಶ್ ಸರ್. "ಪೈಪಿನಲ್ಲಿ ಗಾಳಿ ಉಂಟಲ್ವಾ, ಅದನ್ನು ತೆಗೀಲಿಕ್ಕೆ ವ್ಯಾಕ್ಯೂಮ್ ಪಂಪ್ ಉಂಟು. ಗ್ಯಾಸು ಬಿಟ್ಟು ಗಾಳಿ ಓಡಿಸುವ ಅಭ್ಯಾಸ ಇಂದಿಗೆ ಬಂದ್. ಇಪ್ಪತ್ತೆರಡು ನಂಬರಿನದ್ದು ಒಂದು ಕೆಜಿ ಹೊರಗೆ ಬಿಟ್ರೆ, ಕಾರಿನಲ್ಲಿ ಉಡುಪಿಯಿಂದ ಬೆಂಗಳೂರಿಗೆ ಹನ್ನೆರಡು ಸಲ ಹೋಗಿ ಬಂದಷ್ಟು ಹೊಗೆಗೆ ಸಮ."

ಹೊಳೆಪ್ಪಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಒಂದು ಪುಸ್ಸಿಗೆ ಎರಡು ಚಮಚ ಎಂದುಕೊಂಡರೂ, ದಿನಕ್ಕೆ ಮೂರು, ವರ್ಷಕ್ಕೆ ಮುನ್ನೂರು ದಿನ, ಇಪ್ಪತ್ತನಾಲ್ಕು ವರ್ಷ.

"ಎಷ್ಟಾಯ್ತು?" ಎಂದ ರೋಶನ್.

"ಎರಡು ನೂರು ಕೆಜಿಗೆ ಬಂತು ಮಾರಾಯ."

"ಹಾಗಾದ್ರೆ ನೀವು ಈಗ ಬೆಂಗಳೂರಿನಲ್ಲೇ ಇರ್ಬೇಕಿತ್ತು ಹೊಳೆಪ್ಪಣ್ಣ. ಇಲ್ಲಿಗೆ ಯಾವಾಗ ಬಂದದ್ದು?"

ಹೊಳೆಪ್ಪಣ್ಣ ನಕ್ಕ. ಆದರೆ ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಎರಡು ಸ್ಟಾಪು ಮುಂದೆ ಹೋಗಿ ಇಳಿದನಂತೆ. ರಾಚವ್ವ ನನಗೆ ಹೇಳಿದ್ದು.

ಮೂರನೇ ದಿನ ಪರೀಕ್ಷೆ. ಒಬ್ಬೊಬ್ಬರಿಗೆ ಒಂದೊಂದು ಖಾಲಿ ಎಸಿ, ನಲ್ವತ್ತೈದು ನಿಮಿಷ. ಸೋರುತ್ತದೋ ಎಂದು ನೈಟ್ರೋಜನ್ ತುಂಬಿ ನೋಡಬೇಕು, ಜೋಡಣೆಗಳಿಗೆ ಸಾಬೂನು ನೀರು ಹಚ್ಚಬೇಕು, ಪಂಪಿನಿಂದ ಗಾಳಿ ಎಳೆಯಬೇಕು, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ತೂಕ ನೋಡಿ ಗ್ಯಾಸು ತುಂಬಬೇಕು. ಹೊಳೆಪ್ಪಣ್ಣ ಎಲ್ಲವನ್ನೂ ಮಾಡಿದ. ಉಳಿದವರು ತಮ್ಮ ಕೆಲಸ ಬಿಟ್ಟು ಇವನ ಕೈಯನ್ನು ನೋಡುತ್ತಿದ್ದರು ಎಂದು ರೋಶನ್ ಹೇಳುತ್ತಾನೆ. ಪಂಪು ನಿಲ್ಲಿಸಿದ. ಮೀಟರು ಸರಿಯಾಗಿ ನಿಂತಿತ್ತು. ಪೈಪಿನಲ್ಲಿ ಎಳ್ಳಷ್ಟೂ ಗಾಳಿ ಇರಲಿಲ್ಲ. ಮೂವತ್ತೊಂದು ನಿಮಿಷಕ್ಕೇ ಕೊನೆಯ ಹಂತಕ್ಕೆ ಬಂದಿದ್ದ. ಸಿಲಿಂಡರಿನ ವಾಲ್ವು ತಿರುಗಿಸಿದ. ಬಲಗೈಯ ಎರಡು ಬೆರಳು ತಾವಾಗಿ ನಟ್ಟಿನ ಕಡೆಗೆ ಹೋದವು.

ಪುಸ್.

ಜಿತೇಶ್ ಸರ್ ಪೆನ್ನು ಕೆಳಗಿಟ್ಟರು.

"ಇದು ಎಂತಕ್ಕೆ ಮಾಡಿದ್ದು ಹೊಳೆಪ್ಪಣ್ಣ? ಗಾಳಿ ಪೂರ್ತಿ ತೆಗೆದಾಗಿತ್ತಲ್ಲ."

ಹೊಳೆಪ್ಪಣ್ಣ ತನ್ನ ಬೆರಳುಗಳನ್ನೇ ನೋಡುತ್ತಿದ್ದ. "ದೈವಕ್ಕೆ ಸರ್," ಎಂದ.

ಹಿಂದಿನಿಂದ ಯಾರೋ ನಕ್ಕರು. ಜಿತೇಶ್ ಸರ್ ನಗಲಿಲ್ಲ. "ನಿಮ್ಮಷ್ಟು ಚಂದ ಕೆಲಸ ಇಲ್ಲಿ ಯಾರದ್ದೂ ಇಲ್ಲ," ಎಂದರು. "ಆದ್ರೆ ಗ್ಯಾಸು ಬಿಟ್ರೆ ಫೇಲು. ಅದೊಂದು ವಿಷಯದಲ್ಲಿ ನನ್ನ ಕೈಯಲ್ಲಿ ಎಂತದ್ದೂ ಇಲ್ಲ. ಮುಂದಿನ ಶನಿವಾರ ಇನ್ನೊಂದು ಬ್ಯಾಚ್ ಉಂಟು. ಈ ವರ್ಷದ್ದು ಅದೇ ಲಾಸ್ಟ್. ಬನ್ನಿ."

ಆದಿ ಉಡುಪಿಯಲ್ಲಿ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ರಾಚವ್ವ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಎರಡು ಖಾನಾವಳಿಗೆ ದಿನಕ್ಕೆ ನೂರೈವತ್ತು ರೊಟ್ಟಿ. ಭಾನುವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹೊಳೆಪ್ಪಣ್ಣ ಎದುರಿಗೆ ಖಾಲಿ ಸಿಲಿಂಡರು, ಪೈಪು, ಒಂದು ಹಳೆಯ ಕಂಪ್ರೆಸರು ಇಟ್ಟುಕೊಂಡು ಕುಳಿತ. ಜೋಡಿಸುವುದು, ವಾಲ್ವು ತಿರುಗಿಸುವುದು, ನಿಲ್ಲಿಸುವುದು. ಪ್ರತಿ ಸಲವೂ ಎರಡು ಬೆರಳು ನಟ್ಟಿಗೆ ಹೋಗುತ್ತಿತ್ತು.

"ಮತ್ತ ಹೋತು," ಎಂದಳು ರಾಚವ್ವ ರೊಟ್ಟಿಯಿಂದ ಕಣ್ಣೆತ್ತದೆ.

"ನೋಡ್ಲಾರದ ಹೆಂಗ ಗೊತ್ತಾತು ನಿನಗ?"

"ನಟ್ಟಿನ ಸಪ್ಪಳ ಕೇಳ್ತೈತಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡೇನಿ, ನಿನ್ನ ಕೈ ಸಪ್ಪಳ ಗೊತ್ತಾಗಂಗಿಲ್ಲೇನು?"

"ಮನಸಿನ್ಯಾಗ ಬ್ಯಾಡ ಬ್ಯಾಡ ಅಂತೇನಿ. ಕೈ ಕೇಳವಲ್ದು."

"ಕೈ ನಿಂದಽ ಹೌದಿಲ್ಲೊ? ನನ್ನ ಮಾತರ ಕೇಳ್ತೈತೇನು ನೋಡೂಣು." ಮುಂದಿನ ಸಲ ಬೆರಳು ಹೊರಟಾಗ ಅವಳು ರೊಟ್ಟಿ ಒರೆಸುವ ಒದ್ದೆ ಬಟ್ಟೆಯಿಂದ ಚಟ್ಟನೆ ಹೊಡೆದಳು. ಬೆರಳು ಹಿಂದೆ ಸರಿಯಿತು. ಅದರ ಮುಂದಿನ ಸಲ ಮತ್ತೆ ಹೋಯಿತು.

"ಪರೀಕ್ಷಾಕ್ಕ ನೀನೂ ಬರ್ತಿ ಏನು ಅರಿವಿ ಹಿಡಕೊಂಡು?" ಎಂದ ಹೊಳೆಪ್ಪಣ್ಣ.

ಸೋಮವಾರ, ಮಂಗಳವಾರ ಹಾಗೇ ಹೋದವು. ಮಂಗಳವಾರ ರಾತ್ರಿ ಊಟ ಮಾಡುವಾಗ ಅವನು ಅಸಲು ವಿಷಯ ಹೇಳಿದ. ಸರ್ಕಾರ ಬೇಡ ಅಂತೈತಿ, ಸರಿ. ಆದರೆ ದೈವದ ಪಾಲನ್ನು ತಾನೊಬ್ಬನೇ ನಿಲ್ಲಿಸಿಬಿಡಬಹುದೇ? ಕೊಡಬೇಕು ಎಂದು ಹೇಳಿದವರು ಕರುಣಾಕರಣ್ಣ. ದೈವ ಅವರ ಊರಿನದ್ದು. ಅವರನ್ನು ಒಂದು ಮಾತು ಕೇಳದೆ ಬಿಟ್ಟರೆ ತಪ್ಪಲ್ಲವೇ. ಕೈ ನಿಲ್ಲದಿರುವುದು ಬಹುಶಃ ಅದಕ್ಕೇ.

"ಹಂಗಾರ ಕೇಳ್ಕೊಂಡು ಬರೂಣು ನಡಿ," ಎಂದಳು ರಾಚವ್ವ. ಬುಧವಾರ ಖಾನಾವಳಿಗೆ ಬೇಗ ರೊಟ್ಟಿ ಕಳಿಸಿ, ಇಪ್ಪತ್ತು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಂಡನ ಜೊತೆ ಬಸ್ಸು ಹತ್ತಿದಳು. ಕಟಪಾಡಿ, ಶಂಕರಪುರ, ಶಿರ್ವ ದಾಟಿ ಬೆಳ್ಮಣ್.

ಕರುಣಾಕರಣ್ಣ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಎಪ್ಪತ್ತನಾಲ್ಕು ವರ್ಷ, ಮಂಡಿಗೆ ಪಟ್ಟಿ. ಅವರ ಹೆಂಡತಿ ಮೋಹಿನಿಯಕ್ಕ ಅಂಗಳದಲ್ಲಿ ಭತ್ತ ಹರಡುತ್ತಿದ್ದರು.

"ಎಂತ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ?" ಎಂದರು ಕರುಣಾಕರಣ್ಣ. "ಅಂಗಡಿಗೆ ಬೆಂಕಿ ಗಿಂಕಿ ಬಿತ್ತಾ?"

"ಇಲ್ಲ ಅಣ್ಣ. ಒಂದು ಮಾತು ಕೇಳ್ಲಿಕ್ಕೆ ಬಂದೆ."

"ಕೂತ್ಕೊಂಡು ಕೇಳು. ನಿಂತುಕೊಂಡು ಕೇಳುವವರು ಸಾಲದವರು."

ಹೊಳೆಪ್ಪಣ್ಣ ಕುಳಿತು, ಕಾಗದದಿಂದ ಹಿಡಿದು ಪರೀಕ್ಷೆಯವರೆಗೆ ಎಲ್ಲ ಹೇಳಿದ. ಕೊನೆಗೆ, "ದೈವದ ಪಾಲು ನಿಲ್ಲಿಸ್ಬೇಕಾಗ್ತದೆ ಅಣ್ಣ. ನೀವು ಹೂಂ ಅಂದ್ರೆ ನಿಲ್ಲಿಸ್ತೇನೆ. ಬೇರೆ ಎಂತಾದ್ರೂ ಕೊಡ್ಬೇಕು ಅಂದ್ರೆ ಅದನ್ನು ಕೊಡ್ತೇನೆ," ಎಂದ.

ಕರುಣಾಕರಣ್ಣ ಅವನ ಮುಖ ನೋಡಿದರು. ಆಮೇಲೆ ಹೊಟ್ಟೆಯಿಂದ ನಗು ಎದ್ದು, ಕೆಮ್ಮಾಗಿ, ಕಣ್ಣಲ್ಲಿ ನೀರು ಬಂತು.

"ನೀನು ಅದನ್ನು ಇನ್ನೂ ಮಾಡ್ತಿದ್ದೀಯಾ?"

"ನೀವೇ ಹೇಳಿದ್ದಲ್ವಾ."

"ಹೇಳಿದ್ದು ಹೌದು ಮಾರಾಯ. ಎಂತಕ್ಕೆ ಹೇಳಿದ್ದು ಗೊತ್ತುಂಟಾ? ಆಗ ನಮ್ಮ ಹತ್ರ ಪಂಪೆಲ್ಲಿತ್ತು? ಪೈಪಿನ ಗಾಳಿ ಹೋಗ್ಲಿಕ್ಕೆ ಚೂರು ಗ್ಯಾಸು ಬಿಡ್ಬೇಕಿತ್ತು. ಚೂರು. ನಿನಗೆ ನಟ್ಟು ಕೊಟ್ರೆ ನೀನು ನಲ್ಲಿ ಬಿಟ್ಟ ಹಾಗೆ ಬಿಡ್ತಿದ್ದಿ. ಸಾಕು ಸಾಕು ಅಂತ ನಾನು ಬೊಬ್ಬೆ ಹಾಕಿದ್ರೆ, ಗಾಳಿ ಹೋಗ್ಲಿ ಅಣ್ಣ ಹೋಗ್ಲಿ ಅಂತಿದ್ದಿ. ಒಂದು ತಿಂಗಳಲ್ಲಿ ಒಂದಿಡೀ ಸಿಲಿಂಡರ್ ಆಕಾಶಕ್ಕೆ ಹೋಯ್ತು. ಬೈದ್ರೆ ನಿನಗೆ ತಾಗುವುದಿಲ್ಲ. ಆದ್ರೆ ದೇವರಿಗೆ ಎಡೆ ಬಡಿಸುವುದರಲ್ಲಿ ನೀನು ಭಾರೀ ಅಳತೆಯ ಮನುಷ್ಯ ಅಂತ ನೋಡಿದ್ದೆ. ಅದಕ್ಕೆ ಹೇಳಿದೆ, ಇದು ದೈವದ ಪಾಲು, ಇಷ್ಟೇ ಇಷ್ಟು, ಜಾಸ್ತಿ ಹಾಕ್ಲಿಕ್ಕಿಲ್ಲ ಅಂತ. ಮರುದಿನದಿಂದ ನಿನ್ನ ಕೈ ಸರಿ ಆಯ್ತು."

ಅಂಗಳದಲ್ಲಿ ಭತ್ತ ಹರಡುವ ಸದ್ದು ನಿಂತಿತ್ತು. "ದೈವದ ಹೆಸರು ಹೇಳಿ ಸುಳ್ಳು ಹೇಳಿದ್ರಾ ನೀವು?" ಎಂದರು ಮೋಹಿನಿಯಕ್ಕ.

"ಸುಳ್ಳಲ್ಲ. ಗ್ಯಾಸು ಉಳಿಸ್ಲಿಕ್ಕೆ ಹೇಳಿದ್ದು."

"ನನ್ನ ಹತ್ರ ಏನೇನು ಉಳಿಸ್ಲಿಕ್ಕೆ ಏನೇನು ಹೇಳಿದ್ದೀರೋ. ಇನ್ನು ಒಂದೊಂದೇ ಕೇಳ್ಬೇಕು ಕೂತುಕೊಂಡು."

ರಾಚವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೊಳೆಪ್ಪಣ್ಣನಿಗೆ ನಗು ಬರಲಿಲ್ಲ. ದೈವದ ಪಾಲು ನಿಜವಲ್ಲ ಎಂದು ಗೊತ್ತಾದರೆ ಹಗುರಾಗಬೇಕಿತ್ತು, ಆಗಲಿಲ್ಲ. ಅಲ್ಲೇ ಜಗಲಿಯಲ್ಲಿ ಬಲಗೈಯನ್ನು ಮುಂದೆ ಚಾಚಿ, ಗಾಳಿಯಲ್ಲೇ ವಾಲ್ವು ತಿರುಗಿಸಿದ ಹಾಗೆ ಮಾಡಿದ. ಎರಡು ಬೆರಳು ಇಲ್ಲದ ನಟ್ಟಿನ ಕಡೆಗೆ ಹೋದವು.

"ನನಗೆ ಗೊತ್ತಾಯ್ತು ಅಣ್ಣ," ಎಂದ. "ಕೈಗೆ ಗೊತ್ತಾಗ್ಲಿಲ್ಲ. ಅದಕ್ಕೆ ಇನ್ನೂ ದೈವ ಉಂಟು."

ಕರುಣಾಕರಣ್ಣನ ನಗು ಅಲ್ಲಿಗೆ ಇಳಿಯಿತು. "ತಪ್ಪು ನನ್ನದೇ," ಎಂದರು ಅವರು ತಮ್ಮ ಮಂಡಿಗೆ ಹೇಳಿಕೊಂಡ ಹಾಗೆ. "ಕಲಿಸುವಾಗ ಗಟ್ಟಿ ಆಗ್ಲಿ ಅಂತ ಕಲಿಸಿದೆ. ಬಿಡಿಸ್ಲಿಕ್ಕೆ ನನಗೆ ಗೊತ್ತಿಲ್ಲ ಮಾರಾಯ."

ಚಾ ಆಯಿತು. ಹೊರಡುವ ಹೊತ್ತಿಗೆ ಮೋಹಿನಿಯಕ್ಕ ಒಂದು ಚೀಲದಲ್ಲಿ ಹತ್ತು ತೆಂಗಿನಕಾಯಿ ತುಂಬಿಸಿ ಕೊಟ್ಟರು. ಹೊಳೆಪ್ಪಣ್ಣ ಅದನ್ನು ಬಲಗೈಯಲ್ಲಿ ಎತ್ತಿಕೊಂಡ. ಅಷ್ಟರಲ್ಲಿ ಅವರಿಗೆ ನೆನಪಾಗಿ ಒಳಗೆ ಹೋಗಿ, ಹಿಂದಿನ ದಿನ ತಂದಿಟ್ಟಿದ್ದ ದೇವರ ಪ್ರಸಾದದ ಪೊಟ್ಟಣ ತಂದು ಚಾಚಿದರು. ಭಾರ ಬಲಗೈಯಲ್ಲಿದ್ದುದರಿಂದ ಅವನು ಎಡಗೈ ಚಾಚಿದ. ಮೋಹಿನಿಯಕ್ಕ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡರು.

"ಚೀಲ ಕೆಳಗಿಡು ಮಾರಾಯ. ಪ್ರಸಾದ ಎಡಗೈಯಲ್ಲಿ ತೆಗೊಳ್ಳಿಕ್ಕುಂಟಾ?"

ಹೊಳೆಪ್ಪಣ್ಣ ಚೀಲ ಕೆಳಗಿಡಲು ಬಗ್ಗಿದ. ರಾಚವ್ವ ಅವನ ಎಡಗೈಯನ್ನು ಹಾಗೇ ಹಿಡಿದುಕೊಂಡಳು.

"ತಡಿ," ಎಂದಳು. "ಅಕ್ಕಾರ, ಎಡಗೈಲೆ ತಗೋಬಾರದು ಹೌದಲ್ಲರಿ? ಹಂಗಾರ ಎಡಗೈಲೆ ಕೊಡಬಹುದೇನ್ರಿ, ದೈವಕ್ಕ?"

"ಛೆ ಛೆ. ಯಾರಾದ್ರೂ ಕೊಡ್ತಾರಾ?"

"ನಮ್ಮಲ್ಲೂ ಕೊಡಂಗಿಲ್ರಿ." ರಾಚವ್ವ ಗಂಡನ ಕಡೆ ತಿರುಗಿದಳು. "ಎಡಗೈಲೆ ವಾಲು ತಿರುವು. ಬಲಗೈ ಕಿಸೇದಾಗ ಇಡು. ಎಡಗೈ ಕೊಡಾಕ ಹೋಗಂಗಽ ಇಲ್ಲ. ಹುಟ್ಟಿದಾಗಿಂದ ಅದಕ್ಕ ಹಂಗಽ ಕಲಿಸ್ಯಾರ ನಿಮ್ಮವ್ವ."

ಹೊಳೆಪ್ಪಣ್ಣ ಎಡಗೈಯನ್ನು ಮುಂದೆ ಹಿಡಿದು ಗಾಳಿಯಲ್ಲಿ ವಾಲ್ವು ತಿರುಗಿಸಿದ. ಬೆರಳುಗಳು ಅಲ್ಲೇ ನಿಂತವು. ಇನ್ನೊಮ್ಮೆ ಮಾಡಿದ. ನಿಂತವು.

"ನನ್ನ ಶಾಪಿಗೆ ಇವಳನ್ನು ಸೇರಿಸ್ಬೇಕಿತ್ತು," ಎಂದರು ಕರುಣಾಕರಣ್ಣ. "ನಾನು ಇವನನ್ನು ಸೇರಿಸಿದೆ."

ಎಡಗೈಗೆ ದೈವದ ಅಭ್ಯಾಸ ಇರಲಿಲ್ಲ, ಸರಿ. ಆದರೆ ಕೆಲಸದ ಅಭ್ಯಾಸವೂ ಇರಲಿಲ್ಲ. ಉಳಿದದ್ದು ಎರಡು ದಿನ. ಗುರುವಾರ ಸ್ಪಾನರು ಜಾರಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಊಟವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಎಡಗೈಯಲ್ಲೇ ಮಾಡಿದ. ಅಂಗಡಿಯ ಶಟರು ಎಡಗೈಯಲ್ಲಿ, ಹಲ್ಲುಜ್ಜುವುದು ಎಡಗೈಯಲ್ಲಿ, ಗಡ್ಡ ಕೂಡ. ಶುಕ್ರವಾರ ಬೆಳಿಗ್ಗೆ ಗಲ್ಲದ ಮೇಲೆ ಎರಡು ಗೀರು ಕಂಡು ಮಾರ್ಕೆಟ್ ಯಾರ್ಡಿನವರು, "ರಾಚವ್ವ ಹೊಡೆದದ್ದಾ?" ಎಂದು ಕೇಳಿದರು. "ಹೌದು, ಪರೀಕ್ಷೆಗೆ ಓದ್ಲಿಲ್ಲ ಅಂತ" ಎಂದು ಅವನು ಮುಂದೆ ಹೋದ.

ಶನಿವಾರ ಮಣಿಪಾಲ. ರೋಶನ್ ಮೊದಲ ಬ್ಯಾಚಿನಲ್ಲೇ ಪಾಸಾಗಿದ್ದರೂ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ. ಅದೇ ಎಸಿ, ಅದೇ ನಲ್ವತ್ತೈದು ನಿಮಿಷ. ನೈಟ್ರೋಜನ್, ಸಾಬೂನು ನೀರು, ಪಂಪಿನವರೆಗೆ ಎರಡೂ ಕೈಯಲ್ಲಿ ಮಾಡಿದ. ಪಂಪು ನಿಂತ ಮೇಲೆ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಅಲ್ಲಿಂದ ಎಲ್ಲವೂ ನಿಧಾನ. ಸಿಲಿಂಡರಿನ ವಾಲ್ವನ್ನು ಎಡಗೈಯಲ್ಲಿ ಕಾಲು ಸುತ್ತು ತಿರುಗಿಸಲು, ಮೊದಲ ಸಲ ಚಮಚ ಹಿಡಿದ ಮಗುವಿನಷ್ಟು ಹೊತ್ತು ಬೇಕಾಯಿತು. ಜೇಬಿನೊಳಗೆ ಬಲಗೈ ಒಮ್ಮೆ ಅಲುಗಾಡಿದ್ದು ಬಾಗಿಲಲ್ಲಿದ್ದ ರೋಶನ್‌ಗೆ ಕಂಡಿತಂತೆ. ಎಡಗೈ ವಾಲ್ವಿನ ಮೇಲೇ ಇತ್ತು. ಹೊಳೆಪ್ಪಣ್ಣ ತಕ್ಕಡಿಯನ್ನೇ ನೋಡುತ್ತಿದ್ದ. ಅಂಕಿ ಇಳಿಯುತ್ತಾ ಬಂದು ನಿಲ್ಲಬೇಕಾದಲ್ಲಿ ನಿಂತಿತು. ವಾಲ್ವು ಮುಚ್ಚಿದ. ಎಲ್ಲಿಯೂ ಶಬ್ದವಿಲ್ಲ.

ನಲ್ವತ್ತಮೂರು ನಿಮಿಷ ಆಗಿತ್ತು.

ಜಿತೇಶ್ ಸರ್ ಪಟ್ಟಿಯಲ್ಲಿ ಗೀಟು ಹಾಕುತ್ತಾ, "ನೀವು ಎಡಚರಾ ಹೊಳೆಪ್ಪಣ್ಣ? ಹೋದ ವಾರ ಬಲಗೈಯಲ್ಲಿ ಮಾಡಿದ್ರಿ ಅಲ್ವಾ," ಎಂದರು.

"ಬಲಗೈ ದೈವದ್ದು ಸರ್. ಎಡಗೈ ಸರ್ಕಾರದ್ದು."

ಈ ಸಲ ಜಿತೇಶ್ ಸರ್ ನಕ್ಕರು. ಸರ್ಟಿಫಿಕೇಟು ಬಂದದ್ದು ಡಿಸೆಂಬರ್ ಇಪ್ಪತ್ತಕ್ಕೆ. ಅದರ ಝೆರಾಕ್ಸು ಹಾಸ್ಟೆಲಿನ ಕಂಪನಿಗೆ ಹೋಯಿತು. ಅಸಲನ್ನು ರಾಚವ್ವ ರೊಟ್ಟಿ ಡಬ್ಬಿಯ ಮೇಲಿನ ಗೋಡೆಗೆ ತೂಗುಹಾಕಿದಳು. ಹಿಟ್ಟು ಹಾರಿ ಅದರ ಗಾಜು ಯಾವಾಗಲೂ ಮಬ್ಬು.

ಜನವರಿಯಲ್ಲಿ ನಮ್ಮ ತಂಪು ಪೆಟ್ಟಿಗೆ ಕೆಟ್ಟಿತು. ಇದು ಎರಡು ವರ್ಷದ ಹಿಂದೆ ತಂದ ಹೊಸದು, ಬೆನ್ನಿನ ಮೇಲೆ ಬೆಂಕಿಯ ಚಿತ್ರ ಅಂಟಿಸಿದ್ದು. ಮದುವೆಗಳ ಸಮಯ, ಹೂವಿಗೆ ಬೇಡಿಕೆ ಜಾಸ್ತಿ. ಹೊಳೆಪ್ಪಣ್ಣ ಬಂದ. ಬಂದವನು ಪೆಟ್ಟಿಗೆಯನ್ನು ಮುಟ್ಟುವ ಮೊದಲು ಗೋಡೆಯ ಮೇಲಿನ ಅಲ್ತಾರಿನಲ್ಲಿ, ದೇವರ ಪೀಠದಲ್ಲಿ, ಉರಿಯುತ್ತಿದ್ದ ಮೇಣದ ಬತ್ತಿಯನ್ನು ನೋಡಿದ.

"ಬಾಯಮ್ಮ, ಅದನ್ನು ಆರಿಸ್ಬೇಕು. ಇದರದ್ದು ಬೆಂಕಿ ಹಿಡಿಯುವ ಗ್ಯಾಸು."

"ದೇವರ ಎದುರಿನ ಬತ್ತಿ ನಾನು ಆರಿಸುವುದಿಲ್ಲ," ಎಂದಳು ಅಜ್ಜಿ.

"ಹಾಗಾದ್ರೆ ಪೆಟ್ಟಿಗೆ ಹೊರಗೆ."

"ಪೆಟ್ಟಿಗೆ ಹೊರಗೆ ಆಗ್ಬಹುದು. ದೇವರು ಹೊರಗೆ ಆಗ್ಲಿಕ್ಕಿಲ್ಲ."

ನಾನೂ ಅವನೂ ಪೆಟ್ಟಿಗೆಯನ್ನು ಎಳೆದು ಅಂಗಳಕ್ಕೆ ತಂದೆವು. ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಉಳಿದ ಮಲ್ಲಿಗೆಗೆ ಒದ್ದೆ ಬಟ್ಟೆ ಹೊದಿಸುತ್ತಾ ನೋಡುತ್ತಿದ್ದಳು. ಸೋರುವ ಜಾಗ ಸಿಕ್ಕಿತು, ಸರಿಪಡಿಸಿದ. ಪಂಪು ಅರ್ಧ ಗಂಟೆ ಗುಂಯ್‌ಗುಟ್ಟಿತು. ಅಡುಗೆ ಮನೆಯಲ್ಲಿ ಇರುವಂಥ ಒಂದು ಸಣ್ಣ ತಕ್ಕಡಿ ಇಟ್ಟು, ಬಲಗೈ ಜೇಬಿಗೆ ಹಾಕಿ, ಎಡಗೈಯಲ್ಲಿ ವಾಲ್ವು ತಿರುಗಿಸಿದ. ಎಡಗೈ ಈಗ ಸುಮಾರು ಪಳಗಿದೆ. ಎಲ್ಲ ಮುಗಿಸಿ ಪೈಪು ಸುತ್ತತೊಡಗಿದ.

"ಎಂತ, ಇನ್ನೂ ತುಂಬಿಸ್ಲಿಲ್ವಾ?" ಎಂದಳು ಅಜ್ಜಿ.

"ಆಯ್ತು ಬಾಯಮ್ಮ."

"ಎಲ್ಲಿ ಆಯ್ತು? ಪುಸ್ ಕೇಳ್ಲೇ ಇಲ್ಲ."

"ಈಗ ಅದು ಇಲ್ಲ. ಬಿಡ್ಲಿಕ್ಕಿಲ್ಲ. ಓಝೋನು, ಬಿಸಿ, ಬೆಂಕಿ, ಎಲ್ಲ ಉಂಟು ಅದರಲ್ಲಿ."

ಅಜ್ಜಿಗೆ ನಂಬಿಕೆ ಬರಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದು ಕೈ ಒಳಗಿಟ್ಟು ನೋಡಿದಳು. ತಂಪು ಇತ್ತು. ಒಂದು ಅಟ್ಟೆ ಮಲ್ಲಿಗೆಯ ಕಟ್ಟನ್ನು ಎತ್ತಿ ಒಳಗಿಡಲು ಹೋದವಳು ಮತ್ತೆ ನಿಂತಳು.

"ತಂಪೇನೋ ಉಂಟು," ಎಂದಳು. "ಆದ್ರೆ ಇಷ್ಟು ವರ್ಷ ಆ ಶಬ್ದ ಕೇಳಿ ಹೂ ಇಟ್ಟದ್ದು ನಾನು. ನನ್ನ ಕೈ ಮುಂದೆ ಹೋಗುವುದಿಲ್ಲ ಹೊಳೆಪ್ಪ."

ಹೊಳೆಪ್ಪಣ್ಣ ಅವಳ ಕೈಯನ್ನು ನೋಡಿದ. ಗಾಳಿಯಲ್ಲಿ ಹಾಗೇ ನಿಂತಿದ್ದ ಆ ಕೈಯನ್ನು ಬೇರೆ ಯಾರು ನೋಡಿದ್ದರೂ ತಮಾಷೆ ಮಾಡುತ್ತಿದ್ದರು. ಅವನು ಮಾಡಲಿಲ್ಲ. ಪೈಪನ್ನು ಚೀಲಕ್ಕೆ ಹಾಕಿ, ಪೆಟ್ಟಿಗೆಯ ಹಿಂದೆ ಮೊದಲಿನ ಹಾಗೆ ಕುಕ್ಕರಗಾಲಲ್ಲಿ ಕುಳಿತು, ಬಾಯಲ್ಲೇ ಅಂದ.

"ಪುಸ್."

ಅಜ್ಜಿ ಮುಖ ಆಚೆ ತಿರುಗಿಸಿ ಶಿಲುಬೆಯ ಗುರುತು ಮಾಡಿ, ಹೂ ಒಳಗಿಟ್ಟು ಮುಚ್ಚಳ ಹಾಕಿದಳು.